ತೋರುಬೆರಳಿನ ಊರು

ಏಪ್ರಿಲ್ ತಿಂಗಳು. ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಮಂಜುಗಡ್ಡೆ ಮುಗಿದು ಕಪ್ಪು ನೀರು ಶುರುವಾಗುವ ಅಂಚಿನಲ್ಲಿ ಏಳೆಂಟು ಮಂದಿ ಗಾಳಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಎಲ್ಲರಿಗೂ ಬಿಳಿ ಮೇಲಂಗಿ. ಮಾತೇನಿದ್ದರೂ ಪಿಸುದನಿಯಲ್ಲಿ. ಇಲ್ಲಿ ಕಾಲು ಅಪ್ಪಳಿಸಿದರೆ ನೀರಿನೊಳಗೆ ತಿಮಿಂಗಿಲಕ್ಕೆ ಕೇಳಿಬಿಡುತ್ತದೆ.

ಇದು ಅಲಾಸ್ಕಾದ ವಾಯವ್ಯ ತೀರದ ಪಾಯಿಂಟ್ ಹೋಪ್. ಆರ್ಕ್ಟಿಕ್ ವೃತ್ತದಿಂದ ಇನ್ನೂ 200 ಕಿ.ಮೀ. ಮೇಲೆ, ಸುಮಾರು 800 ಜನರ ಊರು. ಇನ್ಯುಪಿಯಾಟ್ ಜನ ಇದನ್ನು ಟಿಕಿಗಾಕ್ ಎನ್ನುತ್ತಾರೆ, ಅಂದರೆ ತೋರುಬೆರಳು. ಚುಕ್ಚಿ ಸಮುದ್ರದೊಳಕ್ಕೆ ಚಾಚಿಕೊಂಡ ಬೆಣಚುಕಲ್ಲಿನ ನೆಲ. ವಸಂತದಲ್ಲಿ ಉತ್ತರಕ್ಕೆ ಹೊರಟ ಬೋಹೆಡ್ ತಿಮಿಂಗಿಲಗಳು ಈ ಬೆರಳಿನ ಪಕ್ಕದಲ್ಲೇ ಹಾದುಹೋಗುತ್ತವೆ. ಊರು ಇಲ್ಲೇಕೆ ಹುಟ್ಟಿತು ಎಂದು ಬೇರೆ ಕೇಳಬೇಕಿಲ್ಲ.

ದೋಣಿಯನ್ನು ಇಲ್ಲಿಯವರೆಗೆ ಎಳೆದು ತಂದದ್ದು ಸ್ನೋಮೊಬೈಲ್. ಪಕ್ಕದಲ್ಲಿ ವಿಎಚ್‌ಎಫ್ ರೇಡಿಯೊ ಇದೆ. ಆದರೆ ನೀರಿಗಿಳಿಯುವುದು ಹಳೇ ಉಮಿಯಾಕ್, ಮರದ ಚೌಕಟ್ಟಿಗೆ ಗಡ್ಡದ ಸೀಲ್‌ನ ಚರ್ಮ ಹೊದಿಸಿದ ದೋಣಿ. ಹೆಂಗಸರು ಒಟ್ಟಿಗೆ ಕೂತು ಪ್ರಾಣಿಯ ನರದ ದಾರದಲ್ಲಿ ಹೊಲಿದದ್ದು. ಸೂಜಿ ಚರ್ಮದ ಆಚೆಗೆ ತೂರಬಾರದು, ಅರ್ಧ ದಪ್ಪಕ್ಕೇ ಹೊರಳಿ ಮೇಲೇಳಬೇಕು. ತೂರಿತೋ, ನೀರು ಒಸರುತ್ತದೆ. ಮಂಜಿನ ಚೂರು ತಗುಲಿದರೆ ಅಲ್ಯೂಮಿನಿಯಂ ದೋಣಿ ಠಣ್ ಎನ್ನುತ್ತದೆ. ಚರ್ಮ ಸುಮ್ಮನಿರುತ್ತದೆ.

ದೋಣಿಯ ಯಜಮಾನ ಉಮಿಯಾಲಿಕ್. ಹಿಂದೆಲ್ಲ ಅವನು ಬೇಟೆಗೆ ಹೊರಟರೆ ಹೆಂಡತಿ ಮನೆಯಲ್ಲಿ ಅಲುಗದೆ ಕೂತಿರಬೇಕಿತ್ತು. ತಿಮಿಂಗಿಲ ಒಲಿದು ಬರುವುದು ಅವಳಿಗೆ, ಗಂಡ ನೆಪಕ್ಕೆ. ಬಂದ ತಿಮಿಂಗಿಲದ ಮೂತಿಗೆ ಸಿಹಿನೀರು ಎರೆಯುವುದೂ ಅವಳ ಕೆಲಸವೇ. ಮನೆಗೆ ಬಂದವರ ಮುಂದೆ ಮೊದಲು ನೀರಿನ ಲೋಟ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿನ ಸ್ಮಶಾನಕ್ಕೆ ತಿಮಿಂಗಿಲದ ಮೂಳೆಗಳದೇ ಬೇಲಿ. ಸ್ವಲ್ಪ ದೂರದ ಇಪಿಯುಟಾಕ್‌ನಲ್ಲಿ 1939ರಿಂದ ಅಗೆದಾಗ ಸಾವಿರ ವರ್ಷಕ್ಕೂ ಹಳೆಯ ನೂರಾರು ಮನೆಗಳ ಗುರುತು ಸಿಕ್ಕಿತು. ಒಂದು ತಲೆಬುರುಡೆಯ ಗುಳಿಗಳಲ್ಲಿ ದಂತದ ಕಣ್ಣುಗಳು, ನಡುವೆ ಕರಿಗಲ್ಲಿನ ಪಾಪೆ. ಸತ್ತ ಮೇಲೂ ನೋಡುತ್ತಲೇ ಇದ್ದ.

ಹೊರಗಿನವರು ಮಾತ್ರ ಸದ್ದು ಮಾಡಿಕೊಂಡೇ ಬಂದರು. 1848ರಲ್ಲಿ ಮೊದಲ ಅಮೆರಿಕನ್ ತಿಮಿಂಗಿಲ ಹಡಗು ಬೇರಿಂಗ್ ಜಲಸಂಧಿ ದಾಟಿತು. ದೀಪದ ಎಣ್ಣೆಗೆ, ಪಟ್ಟಣದ ಹೆಂಗಸರ ಸೊಂಟ ಬಿಗಿಯುವ ಪಟ್ಟಿಗೆ ತಿಮಿಂಗಿಲ ಬೇಕಿತ್ತು. 1958ರಲ್ಲಿ ಹೈಡ್ರೋಜನ್ ಬಾಂಬಿನ ಎಡ್ವರ್ಡ್ ಟೆಲ್ಲರ್ ಅಲಾಸ್ಕಾಕ್ಕೆ ಬಂದ. ಊರಿಂದ ಸುಮಾರು 50 ಕಿ.ಮೀ. ದೂರದ ಕೇಪ್ ಥಾಂಪ್ಸನ್ ಬಳಿ ಅಣುಬಾಂಬು ಸಿಡಿಸಿ ಬಂದರು ತೋಡಿಕೊಡುತ್ತೇವೆ ಎಂದ. ವರ್ಷದ ಬಹುಪಾಲು ಹೆಪ್ಪುಗಟ್ಟಿರುವ ಕಡಲಿಗೆ ಬಂದರು! ಮರುವರ್ಷ ಗ್ರಾಮ ಮಂಡಳಿ ಒಕ್ಕೊರಲಿನಿಂದ ಬೇಡ ಎಂದಿತು. 1962ರಲ್ಲಿ ಯೋಜನೆ ಮೂಲೆ ಸೇರಿತು. ಇದೇ ಊರಲ್ಲಿ ಹುಟ್ಟಿದ ಹೋವರ್ಡ್ ರಾಕ್ ಅದೇ ವರ್ಷ ‘ಟಂಡ್ರಾ ಟೈಮ್ಸ್’ ಪತ್ರಿಕೆ ಶುರುಮಾಡಿದ.

ಸಮುದ್ರದ ಜೊತೆ ಹಾಗೆ ವಾದ ಮಾಡಲಾಗುವುದಿಲ್ಲ. ದಡ ಕೊರೆತಕ್ಕೆ ಹೆದರಿ 1970ರ ದಶಕದಲ್ಲಿ ಇಡೀ ಊರು ಪೂರ್ವಕ್ಕೆ ಸರಿದು ಕೂತಿತು. ಮಾಂಸ ಕೂಡಿಡಲು ಹೆಪ್ಪುಗಟ್ಟಿದ ನೆಲದಲ್ಲಿ ತೋಡಿದ ನೆಲಮಾಳಿಗೆಗಳಲ್ಲಿ ಈಗ ನೀರು ನಿಲ್ಲುತ್ತಿದೆ.

ಅಂಚಿನಲ್ಲಿ ಕೂತವರು ಕದಲಿಲ್ಲ. ದೂರದ ಕಪ್ಪು ನೀರಲ್ಲಿ ಉಸಿರಿನ ಹಬೆ ಎರಡು ಕವಲಾಗಿ ಎದ್ದಿದೆ. ಯಾರೂ ಕೂಗುವುದಿಲ್ಲ. ಒಬ್ಬ ಕೈಗವಸು ಕಳಚಿ ಬೆರಳು ತೋರಿಸುತ್ತಾನೆ.