ತೇರಿನ ಮೇಲಿದ್ದ ಶಿಖರ, ಬೀದಿಯಲ್ಲಿದ್ದ ಜನ

ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ತೇರು ಅಚ್ಚಾಗಿದೆ. 2017ರಲ್ಲಿ ಆ ನೋಟು ಚಲಾವಣೆಗೆ ಬಂದಂದಿನಿಂದ, ಹಂಪೆಯ ಹೆಸರನ್ನೇ ಕೇಳದ ದೂರದೇಶದ ವರ್ತಕನ ಗಲ್ಲಾಪೆಟ್ಟಿಗೆಯಲ್ಲಿಯೂ ವಿಠ್ಠಲನ ಅಂಗಳದ ಗರುಡರಥ ಬೀಡುಬಿಟ್ಟಿದೆ. ಆದರೆ ಆ ತೇರಿಗೆ ಶಿಖರವಿಲ್ಲವೆಂಬುದನ್ನು ಎಷ್ಟು ಮಂದಿ ಗಮನಿಸಿರಬಹುದು? ಒಂದಾನೊಂದು ಕಾಲದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಗಳ ಶಿಖರವೊಂದಿತ್ತು. ಇದು ಕಟ್ಟುಕಥೆಯಲ್ಲ, 1856ರಲ್ಲಿ ತೆಗೆದ ಒಂದು ಛಾಯಾಚಿತ್ರ ಅದಕ್ಕೆ ಸಾಕ್ಷಿ. ತೆಗೆದವನು ಚಿತ್ರಗಾರನೂ ಅಲ್ಲ, ಪುರಾತತ್ತ್ವಜ್ಞನೂ ಅಲ್ಲ. ಸಮುದ್ರ ದಾಟಿ ಬಂದು ಮದರಾಸಿನ ಸೈನ್ಯದಲ್ಲಿ ಚಾಕರಿ ಮಾಡುತ್ತಿದ್ದ ಅಧಿಕಾರಿ, ಅಲೆಕ್ಸಾಂಡರ್ ಗ್ರೀನ್‌ಲಾ.

ಆ ಕಾಲದ ಛಾಯಾಗ್ರಹಣವೆಂದರೆ ಇಂದಿನವರು ನಗುವಂಥ ತೊಡಕಿನ ಕೆಲಸ. ಗಾಜಿನ ತಟ್ಟೆ ಆಗಲೇ ಬಳಕೆಗೆ ಬಂದಿದ್ದರೂ ಗ್ರೀನ್‌ಲಾ ನೆಚ್ಚಿಕೊಂಡದ್ದು ಕಾಗದವನ್ನು. ಕಾಗದಕ್ಕೆ ಬೆಳ್ಳಿಯ ಲವಣವನ್ನು ಹೀರಿಸಿ, ಕತ್ತಲ ಪೆಟ್ಟಿಗೆಯೊಳಗಿಟ್ಟು ಬೆಳಕು ತೋರಿಸಿ, ಮೇಣದಿಂದ ಅದನ್ನು ಪಾರದರ್ಶಕಗೊಳಿಸಿ ಮೂಲಚಿತ್ರವನ್ನು ಪಡೆಯಬೇಕು. ಅವನ ಕಾಗದಗಳೋ ಒಂದೂವರೆ ಅಡಿಯಷ್ಟು ದೊಡ್ಡವು. ಅವುಗಳನ್ನು ಹಿಡಿಸುವ ಪೆಟ್ಟಿಗೆ ಸಾಮಾನ್ಯವಾದುದಲ್ಲ. ಹಂಪೆಯ ಬಂಡೆಗಳು ಕಾಯ್ದು ಕೆಂಡವಾಗುವ ಬಿಸಿಲಿನಲ್ಲಿ ಅದನ್ನು ಹೊರಿಸಿಕೊಂಡು ಗುಡಿಯಿಂದ ಗುಡಿಗೆ ಅಲೆದವನ ಹುಚ್ಚನ್ನು ಮೆಚ್ಚಲೇಬೇಕು. (ಹೊತ್ತವರು ಯಾರೆಂಬುದನ್ನು ಮಾತ್ರ ಇಂಥ ಕಥೆಗಳು ಎಂದೂ ಹೇಳುವುದಿಲ್ಲ.) ಬಿಸಿಲುನಾಡಿಗೆ ಒಗ್ಗಿದ ಅವನ ಈ ಪದ್ಧತಿ ಮುಂದೆ ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಅವನೊಬ್ಬನೇ ಅಲ್ಲ. 1850ರ ದಶಕದಲ್ಲಿ ಕನ್ನಡನಾಡಿನ ಮೇಲೆ ಸೈನಿಕರ ಕ್ಯಾಮೆರಾಗಳು ಬಿದ್ದವೆಂದೇ ಹೇಳಬಹುದು. ಮುಂಬಯಿಯ ಫಿರಂಗಿದಳದ ಥಾಮಸ್ ಬಿಗ್ಸ್ 1855ರಲ್ಲಿ ವಿಜಾಪುರ, ಐಹೊಳೆ, ಬಾದಾಮಿಗಳನ್ನು ಸುತ್ತಿದನು. ಅವನನ್ನು ಸೈನ್ಯಕ್ಕೆ ಹಿಂದಕ್ಕೆ ಕರೆದಾಗ ಆ ಕೆಲಸ ಡಾಕ್ಟರ್ ಪಿಗೊ ಎಂಬುವನ ಪಾಲಿಗೆ ಬಂದಿತು. ಲಿನಿಯಸ್ ಟ್ರೈಪ್ ಎಂಬ ಕ್ಯಾಪ್ಟನ್ ಬೇಲೂರು ಹಳೇಬೀಡುಗಳಿಗೆ ಹೋದನು. ಬಿಗ್ಸ್, ಪಿಗೊ ಮೊದಲಾದವರ ಚಿತ್ರಗಳು ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೊಂದು ಪ್ರಕಟವಾಯಿತು. ಅದರ ಚರಿತ್ರೆಯ ಭಾಗವನ್ನು ಬರೆದವನು ಸುರಪುರದಲ್ಲಿ ಬಹುಕಾಲವಿದ್ದ ಮೆಡೋಸ್ ಟೇಲರ್.

ಸುರಪುರದ ಹೆಸರು ಬಂದಮೇಲೆ ಲಿಂಗಸುಗೂರು, ಗುರುಗುಂಟಾಗಳ ನೆನಪಾಗದಿರದು. ಗುರುಗುಂಟಾ ಆಗ ನಿಜಾಮರಿಗೆ ಕಪ್ಪ ಸಲ್ಲಿಸುತ್ತಿದ್ದ ಸಣ್ಣದೊಂದು ಸಂಸ್ಥಾನ. ನೆರೆಯ ಲಿಂಗಸುಗೂರಿನಲ್ಲಿ ನಿಜಾಮರ ವೆಚ್ಚದ ಪಡೆಗೆ ದಂಡಿನ ಠಾಣೆಯಿತ್ತು. 1853ರ ಕರಾರಿನಂತೆ ರಾಯಚೂರಿನ ದೋಆಬ್ ಕಂಪನಿಯ ಆಡಳಿತಕ್ಕೆ ಬಂದಿತ್ತು. 1860ರಲ್ಲಿ ಅದನ್ನು ನಿಜಾಮರಿಗೆ ಮರಳಿಸಿದರು. ಎಂದರೆ ಗ್ರೀನ್‌ಲಾ ಹಂಪೆಗೆ ಬಂದ ವರ್ಷ ತುಂಗಭದ್ರೆಯ ಎರಡು ದಡಗಳೂ ಬಿಳಿಯ ಅಧಿಕಾರಿಗಳ ಕೈಯಲ್ಲಿಯೇ ಇದ್ದುವು. ಕ್ಯಾಮೆರಾ ಬೇಕೆಂದಲ್ಲಿಗೆ ಹೋಗಬಹುದಾಗಿತ್ತು. ಆದರೆ ಅದಕ್ಕೆ ಬೇಕಾದುದು ಸ್ಮಾರಕಗಳು. ಸಂತೆ ನೆರೆಯುವ ಬೀದಿ, ಅಮರೇಶ್ವರನ ಜಾತ್ರೆಗೆ ಬಂಡಿ ಹೂಡಿದ ಒಕ್ಕಲಿಗ, ಇವರತ್ತ ತಿರುಗಲು ಅದಕ್ಕೆ ಪುರುಸೊತ್ತಿರಲಿಲ್ಲ.

ತಿರುಗಿದ್ದರೂ ಅವರು ಸಿಕ್ಕುತ್ತಿದ್ದರೆ? ಇಲ್ಲಿಯೇ ಇರುವುದು ಈ ಹಳೆಯ ಚಿತ್ರಗಳ ಗುಟ್ಟು. ಮೇಣಗಾಗದಕ್ಕೆ ಬೆಳಕು ಹಲವು ನಿಮಿಷಗಳ ಕಾಲ ಬೀಳುತ್ತಿರಬೇಕು. ಅಷ್ಟು ಹೊತ್ತು ಅಲುಗದ ಕಲ್ಲು ಕೂದಲೆಳೆಯಷ್ಟೂ ತಪ್ಪದೆ ಮೂಡುತ್ತದೆ. ನಡೆದುಹೋದ ಮನುಷ್ಯನ ಸುಳಿವೂ ಉಳಿಯುವುದಿಲ್ಲ. 1838ರಲ್ಲಿ ದಾಗೇರ್ ಪ್ಯಾರಿಸಿನ ಹೆದ್ದಾರಿಯೊಂದರ ಚಿತ್ರವನ್ನು ತೆಗೆದನು. ಗಾಡಿ ಕುದುರೆಗಳಿಂದ ಗಿಜಿಗುಟ್ಟುತ್ತಿದ್ದ ಆ ಬೀದಿ ಚಿತ್ರದಲ್ಲಿ ಬಟ್ಟಬರಿದು. ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ಒಂದೆಡೆ ನಿಂತ ಒಬ್ಬ ಮನುಷ್ಯ, ಅವನ ಕಾಲ ಬಳಿಯ ಇನ್ನೊಂದು ಆಕೃತಿ, ಇಷ್ಟೇ ಅಲ್ಲಿ ಉಳಿದ ಪ್ಯಾರಿಸಿನ ಜನ.

ಹಂಪೆಗೂ ಇದೇ ಗತಿ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು, ನಿಜ. ಆದರೆ ವಿರೂಪಾಕ್ಷನ ಗುಡಿಯ ದೀಪ ಆರಲಿಲ್ಲ. ಚೈತ್ರದ ತೇರು ಎಳೆಯುವ ರಥಬೀದಿ ಯಾತ್ರಿಕರಿಲ್ಲದೆ ಬರಿದಾಗಿಹೋದುದಿಲ್ಲ. ದೋಆಬಿನ ಹಳ್ಳಿಗಳವರು ಆನೆಗೊಂದಿಯ ಬಳಿ ಹರಿಗೋಲಿನಲ್ಲಿ ಹೊಳೆ ದಾಟಿ ಬರುತ್ತಿದ್ದರು. ಗ್ರೀನ್‌ಲಾನ ಚಿತ್ರಗಳನ್ನು ನೋಡುವವನಿಗಾದರೋ ಉಸಿರಾಡುವವರೇ ಇಲ್ಲದ ಮಹಾನಗರಿಯೊಂದು ಎದುರಾಗುತ್ತದೆ. ಆ ನಿಶ್ಶಬ್ದ ಎಷ್ಟು ಸೊಗಸಾಗಿದೆಯೆಂದರೆ ಅದನ್ನು ನಿಜವೆಂದೇ ನಂಬಿಬಿಡುವ ಅಪಾಯವುಂಟು. ತೇರಿನ ಶಿಖರದ ವಿಷಯದಲ್ಲಿ ಸುಳ್ಳಾಡದ ಸಾಕ್ಷಿ, ಜನರ ವಿಷಯದಲ್ಲಿ ನಂಬತಕ್ಕದ್ದಲ್ಲ.

ಈ ಕಾಗದದ ಮೂಲಚಿತ್ರಗಳು ಮರೆಯಲ್ಲಿದ್ದು, ಹೆಚ್ಚು ಕಡಿಮೆ ನೂರಿಪ್ಪತ್ತೈದು ವರ್ಷಗಳ ಮೇಲೆ ವಿದ್ವಾಂಸರ ಗಮನಕ್ಕೆ ಬಂದುವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪೆಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ನಿಂತು, ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದನು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಯಾವ ಕಂಬ ಬಿದ್ದಿದೆ, ಯಾವ ಗಾರೆ ಉದುರಿದೆ ಎಂಬುದು ತಿಳಿಯುತ್ತದೆ. ದುರಸ್ತಿಯ ಕೆಲಸದವರಿಗೆ ಇದಕ್ಕಿಂತ ಬೇರೆ ಕೈಪಿಡಿ ಬೇಕಿಲ್ಲ.

ಗಾಲಿಂಗ್ಸ್ ಬಂದ ಕಾಲಕ್ಕೆ ವಿರೂಪಾಕ್ಷನ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರಗಳು ನೆಲೆಸಿದ್ದುವು. ಕಲ್ಲಿನ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಅಂಗಡಿ, ಖಾನಾವಳಿ, ಮನೆ ಎಲ್ಲವೂ ನಡೆದಿತ್ತು. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಹದಿನಾರನೆಯ ಶತಮಾನದಲ್ಲಿ ಕಂಡದ್ದೂ ವರ್ತಕರ ಮನೆಗಳಿದ್ದ ಬೀದಿಯನ್ನೇ. 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಟ್ಟಿಗೆ ಸಿಮೆಂಟುಗಳಿಂದ ಹಳೆಯ ಕಲ್ಲಿಗೆ ಆದ ಕೆಡುಕು ಸುಳ್ಳಲ್ಲ; ಅದನ್ನು ತಡೆಯಬೇಕಾದುದೂ ಸರಿಯೆ. ಆದರೆ 2011ರ ಜುಲೈಯಲ್ಲಿ ಆ ಮಂಟಪಗಳನ್ನು ತೆರವು ಮಾಡಿಸಿದಾಗ ನೂರಾರು ಕುಟುಂಬಗಳು ಬೀದಿ ಬಿಟ್ಟು ಏಳಬೇಕಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ನಿವೇಶನ ತೋರಿಸಲಾಯಿತು. ಗುಡಿಯ ಬಾಗಿಲಲ್ಲಿ ಹೂವು ಕಾಯಿ ಮಾರಿ ಬದುಕಿದವರಿಗೆ ಆ ದೂರ ಸಣ್ಣದಲ್ಲ.

ಈಗ ತೇರಿನ ದಿನಗಳನ್ನು ಬಿಟ್ಟರೆ, ಇಳಿಹೊತ್ತಿನಲ್ಲಿ ಆ ಬಜಾರಿನ ಕಂಬಗಳ ಸಾಲು ತನ್ನ ಪಾಡಿಗೆ ತಾನು ನಿಂತಿರುತ್ತದೆ. ಅದನ್ನು ಹಾಗೆ ನಿರ್ಜನವಾಗಿ ಕಾಣಿಸಲು ಮೇಣಗಾಗದವೂ ಬೇಡ, ಹಲವು ನಿಮಿಷಗಳ ಕಾಯುವಿಕೆಯೂ ಬೇಡ.