ಚೌರಿಗೇಕೆ ಅಷ್ಟು ಬೆಲೆ?

ಪಾತ್ರೆಗಳ ಬುಟ್ಟಿಯನ್ನು ಹೊತ್ತು, "ಕೂದಲು ಕೊಡಿ, ಪಾತ್ರೆ ತಕ್ಕೊಳ್ಳಿ" ಎಂದು ಬೀದಿಯಲ್ಲಿ ಕೂಗುತ್ತ ಹೋಗುವ ವ್ಯಾಪಾರಿಯನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಬಾಚಣಿಗೆಗೆ ಸಿಕ್ಕಿ ಬಂದ ಕೂದಲನ್ನು ಉಂಡೆ ಮಾಡಿ ಕೂಡಿಟ್ಟ ಗೃಹಿಣಿ, ಅದನ್ನು ಕೊಟ್ಟು ಒಂದು ಸಣ್ಣ ಪಾತ್ರೆಯನ್ನು ಪಡೆಯುತ್ತಾಳೆ. ಅದೇ ಜಾತಿಯ ಪದಾರ್ಥ ಚೌರಿಯಾಗಿ ನಗರದ ಕೇಶಾಲಂಕಾರದ ಅಂಗಡಿಯನ್ನು ಸೇರಿದಾಗ ನೂರು ಗ್ರಾಮಿಗೆ ಸಾವಿರಾರು ರೂಪಾಯಿ ಬೆಲೆ ಹೇಳುತ್ತಾರೆ. ನಡುವೆ ನಡೆದುದೇನು? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. 50 ಸೆಂಟಿಮೀಟರ್ ಉದ್ದವಾಗಲು 50 ತಿಂಗಳು, ಅಂದರೆ ನಾಲ್ಕು ವರ್ಷಕ್ಕೂ ಮಿಗಿಲಾದ ಕಾಲ ಬೇಕು. ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ಸೇರಿದ ದಿನ ತಲೆಯೆತ್ತಿದ ಕೂದಲು, ಆಕೆ ಪಿ.ಯು.ಸಿ.ಯ ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಆ ಉದ್ದವನ್ನು ಮುಟ್ಟುತ್ತದೆ. ಇದನ್ನು ಯಾವ ಯಂತ್ರವೂ ಅವಸರಪಡಿಸಲಾರದು. ಇಷ್ಟೇ ಅಲ್ಲ. ಪ್ರತಿಯೊಂದು ಕೂದಲೂ ಸಾಮಾನ್ಯವಾಗಿ ಎರಡರಿಂದ ಆರು ವರ್ಷ ಬೆಳೆದು, ವಿಶ್ರಮಿಸಿ, ಉದುರಿಹೋಗುತ್ತದೆ. ಆದುದರಿಂದ ಉದ್ದ ಹೆಚ್ಚಿದಂತೆಲ್ಲ ಅಂಥ ಕೂದಲು ವಿರಳವಾಗುತ್ತದೆ. ಅದರ ಬೆಲೆ ಉದ್ದಕ್ಕಿಂತ ವೇಗವಾಗಿ ಏರುತ್ತದೆ.

ಇನ್ನು ತೂಕ. ಕೂದಲಿನ ವ್ಯಾಸ 0.07 ಮಿಲಿಮೀಟರ್, ಸಾಂದ್ರತೆ ಘನ ಸೆಂಟಿಮೀಟರಿಗೆ 1.3 ಗ್ರಾಂ ಎಂದಿಟ್ಟುಕೊಂಡರೆ, 50 ಸೆಂಟಿಮೀಟರ್ ಉದ್ದದ ಒಂದು ಎಳೆ ಸುಮಾರು 2.5 ಮಿಲಿಗ್ರಾಂ ತೂಗುತ್ತದೆ. ನೂರು ಗ್ರಾಮಿಗೆ 40,000 ಎಳೆಗಳು! ಒಂದು ತಲೆಯಲ್ಲಿರುವುದು ಸುಮಾರು ಒಂದು ಲಕ್ಷ ಕೂದಲು. ಅವೂ ಎಲ್ಲ ಒಂದೇ ಉದ್ದದವಲ್ಲ. ಗಿಡ್ಡ ಎಳೆಗಳನ್ನು ತೆಗೆದುಹಾಕಿದರೆ, ನೂರು ಗ್ರಾಮಿನ ಒಂದು ಚೌರಿಯೆಂದರೆ ಒಬ್ಬಾಕೆಯ ತಲೆಯ ಬೆಳೆಯಲ್ಲಿ ಬಹುದೊಡ್ಡ ಪಾಲು ಎಂಬುದು ಸ್ಪಷ್ಟ.

ಬೆಲೆಯನ್ನು ನಿರ್ಣಯಿಸುವ ಇನ್ನೊಂದು ಸಂಗತಿಯನ್ನು ಓದುಗರು ತಾವೇ ಪರೀಕ್ಷಿಸಬಹುದು. ಉದ್ದನೆಯ ಕೂದಲೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಗುರವಾಗಿ ಹಿಡಿದು, ಹೆಬ್ಬೆರಳನ್ನು ಕೂದಲಿನ ಉದ್ದಕ್ಕೆ ಹಿಂದಕ್ಕೂ ಮುಂದಕ್ಕೂ ಆಡಿಸಿ. ಬೆರಳು ಎರಡು ಕಡೆಗೂ ಚಲಿಸಿದರೂ ಕೂದಲು ಮಾತ್ರ ಬುಡದ ಕಡೆಗೇ ಸರಿಯುತ್ತ ಹೋಗುತ್ತದೆ. ಕೂದಲಿನ ಮೈಮೇಲೆ, ಹೆಂಚು ಹೊದಿಸಿದಂತೆ, ತುದಿಯ ಕಡೆಗೆ ಬಾಗಿದ ಸೂಕ್ಷ್ಮ ಹುರುಪೆಗಳಿವೆ. ಬುಡದಿಂದ ತುದಿಗೆ ಸವರಿದರೆ ಘರ್ಷಣೆ ಕಡಿಮೆ. ತುದಿಯಿಂದ ಬುಡಕ್ಕೆ ಸವರಿದರೆ ಹೆಚ್ಚು. ಬುಡಗಳೆಲ್ಲ ಒಂದೇ ಕಡೆಗಿದ್ದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ತಲೆಕೆಳಗಾಗಿ ಬೆರೆತರೆ ಹುರುಪೆಗೆ ಹುರುಪೆ ಸಿಕ್ಕಿ ಗಂಟಾಗುತ್ತವೆ.

ತಿರುಮಲೆಯಲ್ಲಿ ಹರಕೆ ಹೊತ್ತ ಭಕ್ತರು ಮುಡಿ ಕೊಡುವುದನ್ನು ನಾವೆಲ್ಲ ಬಲ್ಲೆವು. ಕಟ್ಟಿದ ಜಡೆಯನ್ನು ಹಾಗೆಯೇ ಕತ್ತರಿಸಿದರೆ ಬುಡ ತುದಿಗಳ ಕ್ರಮ ಕೆಡುವುದಿಲ್ಲ. ವ್ಯಾಪಾರದವರು ಇಂಥ ಕೂದಲನ್ನು 'ರೆಮಿ' ಎಂದು ಕರೆದು ಹೆಚ್ಚಿನ ಬೆಲೆ ಕೊಡುತ್ತಾರೆ. ದೇವಸ್ಥಾನ ಅದನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತದೆ. ಕೊಟ್ಟ ಭಕ್ತೆಗೆ ಅದು ಕಾಣಿಕೆ; ಆಕೆ ಹಣವನ್ನು ನಿರೀಕ್ಷಿಸುವುದಿಲ್ಲ.

ಬಾಚಣಿಗೆಯ ಕೂದಲಿನ ಹಣೆಬರಹ ಬೇರೆ. ಕೊಪ್ಪಳದ ಬಳಿಯ ಭಾಗ್ಯನಗರದಂಥ ಊರುಗಳಲ್ಲಿ ಹೆಂಗಸರು ಕುಳಿತು ಈ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ, ಬಾಚಿ, ಉದ್ದ ನೋಡಿ ಜೋಡಿಸುತ್ತಾರೆ. ಬುಡ ತುದಿಗಳು ಬೆರೆತುಹೋಗಿರುವ ಇಂಥ ಕೂದಲನ್ನು ಚೌರಿಗೆ ಬಳಸುವಾಗ ಗಂಟಾಗದಿರಲೆಂದು ಆಮ್ಲದಿಂದ ಹುರುಪೆಯನ್ನೇ ಕರಗಿಸಿ, ಸಿಲಿಕೋನಿನ ಲೇಪ ಕೊಡುವುದುಂಟು. ಹೊಸದರಲ್ಲಿ ಅದು ರೇಷ್ಮೆಯಂತೆ ಹೊಳೆಯುತ್ತದೆ. ತೊಳೆದಂತೆಲ್ಲ ಲೇಪ ಹೋಗಿ ಒರಟಾಗುತ್ತದೆ.

12,000 ರೂಪಾಯಿಯ ಚೌರಿ ಒಂದು ವರ್ಷವೂ, 4,000 ರೂಪಾಯಿಯದು ಮೂರು ತಿಂಗಳೂ ಬಾಳುತ್ತವೆಂದು ಭಾವಿಸೋಣ. ಮೊದಲನೆಯದಕ್ಕೆ ತಿಂಗಳಿಗೆ 1,000 ರೂಪಾಯಿ, ಎರಡನೆಯದಕ್ಕೆ 1,333! ಅಗ್ಗವಾದುದೇ ದುಬಾರಿಯಾಯಿತಷ್ಟೆ.

ತಲೆಗೂದಲಿಗೇ ಅಂಟಿಸುವ ಬಗೆಗೆ ಇನ್ನೊಂದು ಖರ್ಚಿದೆ. ಸ್ವಂತ ಕೂದಲು ಬೆಳೆಯುತ್ತಿರುವುದರಿಂದ ಬೆಸುಗೆ ತಿಂಗಳಿಗೊಂದು ಸೆಂಟಿಮೀಟರಿನಂತೆ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಆರೆಂಟು ವಾರಗಳಿಗೊಮ್ಮೆ ಬಿಚ್ಚಿ ಮೇಲಕ್ಕೆ ಕೂಡಿಸಬೇಕು. ಪ್ರತಿಸಲವೂ ಕೂಲಿ ತೆರಬೇಕು. ಭಾರ ಅತಿಯಾಗಿ ಎಡೆಬಿಡದೆ ಎಳೆದರೆ ಬೇರು ಸಡಿಲವಾಗಿ, ಇದ್ದ ಕೂದಲೂ ಉದುರಬಹುದು. ಹಗಲು ಧರಿಸಿ ರಾತ್ರಿ ತೆಗೆದಿಡುವ ಚೌರಿಗೆ ಈ ತೊಡಕು ಕಡಿಮೆ.

ಹೀಗೆ ಚೌರಿಯ ಬೆಲೆಯೊಳಗೆ ಒಬ್ಬಳ ತಲೆಯ ನಾಲ್ಕು ವರ್ಷ, ಇನ್ನೊಬ್ಬಳ ಬೆರಳುಗಳ ದುಡಿಮೆ, ಮತ್ತೊಬ್ಬಳ ಕೈಚಳಕ ಸೇರಿಕೊಂಡಿವೆ. ಕಚ್ಚಾ ಕೂದಲು ಹೊರದೇಶಕ್ಕೆ ಹೋದರೆ ಬಿಡಿಸಿ ಹೆಣೆಯುವ ಕೆಲಸವೂ ಅದರೊಡನೆ ಹೋಗುತ್ತದೆಂಬ ದೂರು ಕೇಳಿಬಂದು, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದರ ರಫ್ತಿಗೆ ನಿರ್ಬಂಧ ಹಾಕಿತು. ಆದರೂ ಕೊನೆಯ ಬೆಲೆಯಲ್ಲಿ ಸಣ್ಣ ಪಾಲು ಸಿಗುವುದು ಮೊದಲಿನ ಇಬ್ಬರಿಗೇ. ಚೌರಿ ಕೊಳ್ಳುವವರು ಬೆಲೆಯೊಂದನ್ನೇ ಕೇಳದೆ, ಕೂದಲು ಎಲ್ಲಿಯದು, ಬುಡ ತುದಿಗಳು ಕ್ರಮವಾಗಿವೆಯೇ, ಎಷ್ಟು ಕಾಲ ಬಾಳುತ್ತದೆ ಎಂದು ಕೇಳಬೇಕು. ಎರಡನೆಯ ಪ್ರಶ್ನೆಗಂತೂ ಅಂಗಡಿಯವನನ್ನು ನಂಬಬೇಕಾಗಿಲ್ಲ. ಒಂದೆರಡು ಎಳೆಯನ್ನು ತೆಗೆದುಕೊಂಡರೆ ನಮ್ಮ ಬೆರಳುಗಳೇ ಉತ್ತರ ಹೇಳುತ್ತವೆ.