ಗೃಹಿಣಿಗೊಂದು ಸೈಕಲ್ಲು: ಕೊಳ್ಳುವ ಮುನ್ನ ತಿಳಿದಿರಲಿ

ಗಿರಣಿ, ರೇಷನ್ ಅಂಗಡಿ, ಶಾಲೆ, ಬ್ಯಾಂಕು, ಸಂಘದ ಸಭೆ ಅಂತ ದಿನಕ್ಕೆ ಎಷ್ಟು ಸಲ ಹೊಸಿಲು ದಾಟುತ್ತೀರಿ? ಒಂದು ವಾರ ಎಣಿಸಿ ನೋಡಿ. ನಮ್ಮ ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರಿನಲ್ಲಿ ಇವೆಲ್ಲ ಒಂದೆರಡು ಕಿಲೋಮೀಟರಿನೊಳಗಿನ ಕೆಲಸಗಳು. ನಡೆದರೆ ಹೊತ್ತು ಹೋಗುತ್ತದೆ, ಆಟೋ ಹತ್ತಿದರೆ ದುಡ್ಡು ಹೋಗುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಗಿರಣಿ ಬಾಗಿಲಿಗೆ ಬಸ್ಸು ಬರುತ್ತದೆಯೇ? ಮನೆಯ ಮೋಟಾರು ಬೈಕು ಯಜಮಾನರ ಜೊತೆ ಹೊರಗೆ ಹೋಗಿರುತ್ತದೆ. ಹಿಟ್ಟು ಮುಗಿದರೂ, ಮಗುವಿಗೆ ಜ್ವರ ಬಂದರೂ "ಅವರು ಬರಲಿ" ಎಂದು ಕಾಯುವುದೇ ನಮ್ಮ ಪಾಡು. ಈ ಕಾಯುವುದನ್ನು ತಪ್ಪಿಸುವ ಅಗ್ಗದ ಗಾಡಿ ಸೈಕಲ್ಲು.

"ಈ ವಯಸ್ಸಿನಲ್ಲಿ ಸೈಕಲ್ಲೇ? ನೋಡಿದವರು ಏನಂದಾರು?" ಎನ್ನಬೇಡಿ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ಕಲಿತರು. ಕೂಲಿ ಮಾಡುವವರು, ಕಲ್ಲು ಕ್ವಾರಿಯವರು, ಅಂಗನವಾಡಿಯವರು ಎಲ್ಲರೂ ಕಲಿತರು. ಹಲವರು ಗಂಡಸರ ಸೈಕಲ್ಲನ್ನೇ ಹತ್ತಿದರು. ಮೊದಮೊದಲು ಆಡಿಕೊಂಡವರ ಬಾಯಿ ತಾನಾಗಿ ಮುಚ್ಚಿತು.

ಮೊದಲು ಹಿತ್ತಲು ನೋಡಿ

ಅಂಗಡಿಗೆ ಹೊರಡುವ ಮುಂಚೆ ಕೊಟ್ಟಿಗೆ, ಹಿತ್ತಲು ನೋಡಿ. ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತು. ಮಗಳು ಓದು ಮುಗಿಸಿ ಗಂಡನ ಮನೆಗೆ ಹೋಗಿರುತ್ತಾಳೆ, ಸೈಕಲ್ಲು ಮಾತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಸೀಟು ಏರಿಸಿದರೆ ಅದು ನಮ್ಮ ಎತ್ತರಕ್ಕೂ ಒಗ್ಗೀತು.

ಚೌಕಟ್ಟು ನೆಟ್ಟಗಿದೆಯೇ, ಬೆಸುಗೆ ಹಾಕಿದ ಜಾಗದಲ್ಲಿ ಬಿರುಕಿದೆಯೇ ಎಂಬುದೇ ಮುಖ್ಯ. ಚೌಕಟ್ಟು ಬಿರುಕು ಬಿಟ್ಟಿದ್ದರೆ ಗುಜರಿಗೆ ಹಾಕಿ. ಬರೀ ತುಕ್ಕು ಹಿಡಿದು ಟೈರು, ಟ್ಯೂಬು, ಚೈನು, ಬ್ರೇಕಿನ ರಬ್ಬರು ಹೋಗಿದ್ದರೆ ಎಲ್ಲವನ್ನೂ ಹೊಸದಾಗಿ ಹಾಕಿಸಬಹುದು. ಸೈಕಲ್ ಶಾಪಿನವನಿಂದ ಖರ್ಚು ಬರೆಸಿಕೊಳ್ಳಿ. ಹೊಸ ಸೈಕಲ್ಲಿನ ಅರ್ಧ ಬೆಲೆ ದಾಟದಿದ್ದರೆ ರಿಪೇರಿಯೇ ಲಾಭ.

ಹೊಸದು ಕೊಳ್ಳುವುದಾದರೆ

ಗೇರ್ ಇಲ್ಲದ ಸಾದಾ ಲೇಡೀಸ್ ಸೈಕಲ್ಲು 6,000 ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಸೈಕಲ್ಲಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ ತಗೊಳ್ಳಿ. ಐದು ವರ್ಷ ಬಳಸಿದರೆ ತಿಂಗಳಿಗೆ 100 ರೂಪಾಯಿ ಬಿದ್ದ ಹಾಗಾಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವವರಿಗೆ ಮೂರು ಕಂತಿನ ಮಾತು. ನಿಮ್ಮ ಹೆಸರಿಗೆ ಬಂದ ದುಡ್ಡು ನಿಮ್ಮ ಕಾಲಿಗೆ ಬಲ ಕೊಡಲಿ.

ಯಜಮಾನರೋ ಮಗನೋ "ನಾನೇ ತಂದುಕೊಡ್ತೀನಿ ಬಿಡು" ಎಂದರೆ ಒಪ್ಪಬೇಡಿ. ಬಳೆಯ ಅಳತೆಗೆ ಬೇರೆಯವರ ಕೈ ಆಗುವುದಿಲ್ಲ, ಸೈಕಲ್ಲಿಗೂ ಅಷ್ಟೆ. ನೀವು ದಿನವೂ ಉಡುವ ಸೀರೆಯಲ್ಲೇ, ಹಾಕುವ ಚಪ್ಪಲಿಯಲ್ಲೇ ಅಂಗಡಿಗೆ ಹೋಗಿ ಹತ್ತಿ ನೋಡಿ.

ಎತ್ತರ: ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾದರೆ ಎತ್ತರ ಸರಿ. ಮೊಣಕಾಲು ಬಹಳ ಮಡಚಿದರೆ ನಾಲ್ಕು ದಿನಕ್ಕೆ ನೋವು ಶುರು. ಹೊಸದಾಗಿ ಕಲಿಯುವವರು ಮಾತ್ರ ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿಕೊಳ್ಳಲಿ.

ಸೀರೆ: ಮೇಲಿನ ಅಡ್ಡ ಬಾರ್ ಇಲ್ಲದ ಚೌಕಟ್ಟು ಹತ್ತಲು ಸುಲಭ. ಚೈನು ಪೂರ್ತಿ ಮುಚ್ಚುವ ಕವರ್ ಇರಬೇಕು. ಹಿಂದಿನ ಚಕ್ರಕ್ಕೆ ಸೆರಗು, ದುಪಟ್ಟಾ ಸಿಗದಂತೆ ಜಾಲರಿ ಹಾಕಿಸಿ. ಇದರಲ್ಲಿ ಮಾತ್ರ ಉಳಿತಾಯ ಬೇಡ.

ಬ್ರೇಕು: ಹ್ಯಾಂಡಲ್ ಬಿಡದೆ ಬೆರಳು ಬ್ರೇಕಿಗೆ ಎಟುಕಬೇಕು. ಒಂದೊಂದೇ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಹಿಡಿದ ಬ್ರೇಕಿನ ಚಕ್ರ ತಿರುಗಬಾರದು.

ಗೇರು: ಕಡಿಮೆ ಬೆಲೆಯಲ್ಲಿ ಗೇರು, ಸ್ಪ್ರಿಂಗು, ಡಿಸ್ಕ್ ಬ್ರೇಕು ಎಲ್ಲ ತೋರಿಸಿದರೆ ಮರುಳಾಗಬೇಡಿ. ತೂಕ ಹೆಚ್ಚು, ಕೆಟ್ಟರೆ ಊರಿನಲ್ಲಿ ಸಾಮಾನು ಸಿಗುವುದು ಕಷ್ಟ. ಆಷಾಢದ ಗಾಳಿಗೆ ಎದುರಾಗಿ ತುಳಿಯಲು ಭಾರವಾದರೆ ಒಂದು ಉಪಾಯವಿದೆ. ಹಿಂದಿನ ಫ್ರೀವೀಲು 18 ಹಲ್ಲಿನದಾಗಿದ್ದರೆ 20 ಅಥವಾ 22 ಹಲ್ಲಿನದನ್ನು ಹಾಕಿಸಿ. ವೇಗ ಕೊಂಚ ಇಳಿಯುತ್ತದೆ, ತುಳಿಯುವುದು ಹಗುರಾಗುತ್ತದೆ.

ಟೈರು: ನಮ್ಮ ಕಡೆ ಜಾಲಿಮುಳ್ಳು, ನೆಗ್ಗಿಲುಮುಳ್ಳು ಎರಡೂ ಪಂಚರ್ ಅಂಗಡಿಯವನ ನೆಂಟರು. ತೀರಾ ಸಪೂರ ಟೈರು ಬೇಡ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ಆಡುವಷ್ಟು ಜಾಗವಿರಲಿ. ಇಲ್ಲಾಂದ್ರೆ ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ.

ಭಾರ: ಕ್ಯಾರಿಯರ್, ಗಟ್ಟಿ ಸ್ಟ್ಯಾಂಡು ಇರಲೇಬೇಕು. ಗಿರಣಿಯ ಚೀಲ ಹಿಂದಿನ ಕ್ಯಾರಿಯರಿಗೆ ಕಟ್ಟಿ. ಹ್ಯಾಂಡಲಿಗೆ ನೇತುಹಾಕಿದರೆ ತಿರುವಿನಲ್ಲಿ ಎಳೆಯುತ್ತದೆ. ತರಕಾರಿಗೆ ಮುಂದಿನ ಬುಟ್ಟಿ ಸಾಕು.

ಕಂಪನಿ ಯಾವುದು ಎಂದು ತಲೆ ಕೆಡಿಸಿಕೊಳ್ಳುವ ಬದಲು ನಿಮ್ಮೂರ ಸೈಕಲ್ ಶಾಪಿನವನನ್ನು ಕೇಳಿ: "ಯಾವುದರ ಸಾಮಾನು ನಿನ್ನ ಹತ್ರ ಯಾವಾಗಲೂ ಇರ್ತದಪ್ಪ?" ಅವನು ಹೇಳಿದ್ದೇ ನಿಮಗೆ ಒಳ್ಳೆಯ ಕಂಪನಿ.

ಕಲಿಯದವರಿಗೆ

ಸೀಟು ಇಳಿಸಿ, ಶಾಪಿನವನಿಂದ ಎರಡೂ ಪೆಡಲು ಬಿಚ್ಚಿಸಿ. ಎಡಗಡೆ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ನೀವೇ ಕೈಹಾಕಿ ಕೆಡಿಸಬೇಡಿ. ಬೆಳಗಿನ ಜಾವ ಶಾಲೆಯ ಬಯಲಿಗೆ ಹೋಗಿ ಸೀಟಿನ ಮೇಲೆ ಕೂತು, ಪಾದದಿಂದ ನೆಲ ಒದ್ದುಕೊಂಡು ಉರುಳಿ. ಕಾಲೆತ್ತಿ ಹತ್ತು ಮಾರು ಹೋಗುವಷ್ಟು ತೂಕ ಹಿಡಿದ ಮೇಲೆ ಪೆಡಲು ಹಾಕಿಸಿ. ಹಿಂದೆ ಯಾರೂ ಹಿಡಿದು ಓಡಬೇಕಾಗಿಲ್ಲ. ಜೊತೆಗೆ ಓಣಿಯ ಅಕ್ಕ-ತಂಗಿ ಒಬ್ಬಳಿದ್ದರೆ ನಾಚಿಕೆ ಅರ್ಧ ಕಡಿಮೆ.

ಇನ್ನು ಆರೈಕೆ. ವಾರಕ್ಕೊಮ್ಮೆ ಗಾಳಿ, ಹದಿನೈದು ದಿನಕ್ಕೊಮ್ಮೆ ಚೈನಿಗೆ ನಾಲ್ಕು ಹನಿ ಎಣ್ಣೆ. ಅಡಿಗೆ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ರಾತ್ರಿ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಮನೆಯವರು ಯಾರೇ ಬಳಸಲಿ, ಕೇಳಿ ತಗೊಂಡು ಹೋಗಲಿ.